ಜನಸಂಖ್ಯೆ ಬದಲಾದರೆ ದೊಡ್ಡ ಪಕ್ಷಗಳು ಅಳಿದುಹೋಗುತ್ತವೆಯೇ? ರಾಣೆಬೆನ್ನೂರಿನ ಲೆಕ್ಕ ನೋಡಿ

ಫಾರ್ವರ್ಡ್‌ನಲ್ಲಿ ಇರುವುದು: ಇನ್ನು 20 ವರ್ಷಗಳಲ್ಲಿ ಜನಸಂಖ್ಯೆಯ ಸ್ವರೂಪ ಬದಲಾಗಿ ಇಂಥ ಪಕ್ಷ ಕರ್ನಾಟಕದಲ್ಲಿ ಹೇಳಹೆಸರಿಲ್ಲದಂತೆ ಆಗುತ್ತದೆ.

ವಾಸ್ತವ: ಜನಸಂಖ್ಯೆ ಬದಲಾಗುವುದು ನಿಜ, ಆದರೆ ತೀರಾ ನಿಧಾನವಾಗಿ. ಮತ ಬದಲಾಗುವುದು ಬಹಳ ಬೇಗ. ಕರ್ನಾಟಕದಲ್ಲಿ ಈವರೆಗೆ ಮುಳುಗಿದ ಪಕ್ಷಗಳು ಒಡಕು, ವಿಲೀನ ಮತ್ತು ತಪ್ಪು ನಿರ್ಧಾರಗಳಿಂದ ಮುಳುಗಿವೆ. ಜನಗಣತಿಯಿಂದ ಅಲ್ಲ.

ಕುಮಾರಪಟ್ಟಣದ ನಮ್ಮ ಓಣಿಗೆ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ನಳದ ನೀರು ಯಾವಾಗ ಬರುತ್ತದೆ, ಕರೆಂಟ್ ಯಾಕೆ ಹೋಯಿತು, ಯಾರ ಮನೆಯಲ್ಲಿ ಮದುವೆ ಎಂಬುದಕ್ಕೆ ಮಾಡಿಕೊಂಡ ಗುಂಪು. ಈಚೆಗೆ ಅದಕ್ಕೊಂದು ಫಾರ್ವರ್ಡ್ ಬಂತು. ಒಂದು ಗ್ರಾಫ್, ಮೇಲಕ್ಕೆ ಏರುವ ಕೆಂಪು ಗೆರೆ, ಕೆಳಗೆ 'ಈಗಲೇ ಎಚ್ಚೆತ್ತುಕೊಳ್ಳಿ' ಎಂಬ ಸಾಲು. ಕಳಿಸಿದವರು ಕೆಟ್ಟವರಲ್ಲ, ತಮಗೆ ಬಂದದ್ದನ್ನು ಮುಂದಕ್ಕೆ ದೂಡಿದ್ದರು ಅಷ್ಟೆ. ಆದರೆ ಆ ಕೆಂಪು ಗೆರೆ ಯಾವ ಸಮುದಾಯದ ಬಗ್ಗೆ ಇತ್ತೋ ಆ ಸಮುದಾಯದ ಹಿರಿಯರೊಬ್ಬರು ಗುಂಪಿನಲ್ಲಿದ್ದರು. ಕಾರ್ಖಾನೆಯಿಂದ ನಿವೃತ್ತರಾದವರು. ದಿನವೂ ನೀರಿನ ಸಮಯ ಹಾಕುತ್ತಿದ್ದವರು ಅವರೇ. ಅಂದು ರಾತ್ರಿ ಅವರು ಒಂದು ಮಾತೂ ಆಡದೆ ಗುಂಪು ಬಿಟ್ಟರು.

ಹಾಗಾಗಿ ಈ ಫಾರ್ವರ್ಡ್ ಅನ್ನು ಕೂತು ಬಿಡಿಸಿ ನೋಡೋಣ ಎನಿಸಿತು. ಇದರಲ್ಲಿ ಒಂದಲ್ಲ, ಮೂರು ಹೇಳಿಕೆಗಳು ಸೇರಿಕೊಂಡಿವೆ. ಒಂದು, ಒಂದು ಸಮುದಾಯ ಇನ್ನೊಂದನ್ನು ಬೇಗನೆ ಹಿಂದಿಕ್ಕಲಿದೆ. ಎರಡು, ಒಂದು ಸಮುದಾಯದವರೆಲ್ಲ ಎಂದೆಂದಿಗೂ ಒಂದೇ ಪಕ್ಷಕ್ಕೆ ಮತ ಹಾಕುತ್ತಾರೆ. ಮೂರು, ಹಾಗಾಗಿ ಇನ್ನೊಂದು ಪಕ್ಷ ಸತ್ತುಹೋಗುತ್ತದೆ. ಇದೇ ಅಚ್ಚಿನಲ್ಲಿ ಬೇರೆ ಬೇರೆ ಪಕ್ಷಗಳ ಹೆಸರು ಹಾಕಿದ ಫಾರ್ವರ್ಡ್‌ಗಳೂ ಓಡಾಡುತ್ತಿವೆ. 'ಹಳೆ ತಲೆಮಾರು ಹೋದರೆ ಆ ಪಕ್ಷವೂ ಹೋಯಿತು' ಎನ್ನುವುದು ಅದರ ಇನ್ನೊಂದು ರೂಪ. ಒಂದೊಂದಾಗಿ ನೋಡೋಣ.

ಒಂದು ಸಮುದಾಯ ಇನ್ನೊಂದನ್ನು ಹಿಂದಿಕ್ಕಲಿದೆಯೇ?

ಧರ್ಮವಾರು ಅಂಕಿಗಳಿಗೆ ಇಂದಿಗೂ ನಾವು ನಂಬಬಹುದಾದ ಆಧಾರ 2011ರ ಜನಗಣತಿ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಮುಂದಿನದು 2027ರದ್ದು. ಆದ್ದರಿಂದ ನಿಮಗೆ ಬಂದ ಫಾರ್ವರ್ಡ್‌ನಲ್ಲಿ 'ಹೊಸ ಜನಗಣತಿ ಪ್ರಕಾರ' ಎಂದು 2011ರ ನಂತರದ ಧರ್ಮವಾರು ಅಂಕಿ ಇದ್ದರೆ, ಅಲ್ಲಿಯೇ ಅನುಮಾನ ಪಡಿ.

ಕರ್ನಾಟಕದ ಅಂಕಿ ಹೀಗಿದೆ. 2001ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಹಿಂದೂಗಳು ಶೇ 83.86, ಮುಸ್ಲಿಮರು ಶೇ 12.23. 2011ರಲ್ಲಿ ಹಿಂದೂಗಳು ಶೇ 84.00, ಮುಸ್ಲಿಮರು ಶೇ 12.92. ಇನ್ನೊಮ್ಮೆ ಓದಿ. ಆ 10 ವರ್ಷಗಳಲ್ಲಿ ಮುಸ್ಲಿಮರ ಪಾಲು ಸ್ವಲ್ಪ ಏರಿದೆ, ಹಿಂದೂಗಳ ಪಾಲೂ ಒಂದಿಷ್ಟು ಏರಿದೆ. ಇಳಿದಿರುವುದು ಉಳಿದ ಸಣ್ಣ ಗುಂಪುಗಳ ಪಾಲು.

ಮುಸ್ಲಿಮರ ಪಾಲು 10 ವರ್ಷಕ್ಕೆ ಹೆಚ್ಚಿದ್ದು 0.69 ಅಂಶ. ಇದೇ ವೇಗದಲ್ಲಿ ನೇರ ಗೆರೆ ಎಳೆಯುತ್ತಾ ಹೋದರೆ ಅದು ಶೇ 50 ಮುಟ್ಟಲು ಎಷ್ಟು ಕಾಲ ಬೇಕು? ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ ನೋಡಿ: 50ರಲ್ಲಿ 12.92 ಕಳೆಯಿರಿ, 0.69ರಿಂದ ಭಾಗಿಸಿ, 10ರಿಂದ ಗುಣಿಸಿ. ಸುಮಾರು 537 ವರ್ಷ. ಅಷ್ಟು ಹಿಂದಕ್ಕೆ ಹೋದರೆ ವಿಜಯನಗರ ಸಾಮ್ರಾಜ್ಯದ ಕಾಲ. ಇದು ಭವಿಷ್ಯವಾಣಿ ಅಲ್ಲ. ಅಷ್ಟು ದೂರಕ್ಕೆ ನೇರ ಗೆರೆ ಎಳೆಯುವುದೇ ತಪ್ಪು. ಗೆರೆ ಎಳೆದೇ ತೀರುತ್ತೇವೆ ಎನ್ನುವವರಿಗೂ 20 ವರ್ಷದ ಲೆಕ್ಕ ಸಿಗುವುದಿಲ್ಲ ಎಂದು ತೋರಿಸಲು ಇದನ್ನು ಹೇಳಿದೆ.

ಫಾರ್ವರ್ಡ್ ಯಾವ ಅಂಕಿಯನ್ನು ಆಡಿಸುತ್ತದೆ?

ಇಂಥ ಗ್ರಾಫ್‌ಗಳಲ್ಲಿ ಸಾಮಾನ್ಯವಾಗಿ 'ಬೆಳವಣಿಗೆ ದರ'ವನ್ನು 'ಪಾಲು' ಎನ್ನುವಂತೆ ತೋರಿಸುತ್ತಾರೆ. 2001ರಿಂದ 2011ರ ನಡುವೆ ಇಡೀ ದೇಶದಲ್ಲಿ ಮುಸ್ಲಿಮರ ಬೆಳವಣಿಗೆ ದರ ಶೇ 24.6, ಹಿಂದೂಗಳದ್ದು ಶೇ 16.8. ಇದು ನಿಜ. ಆದರೆ ಶೇ 24.6 ಎಂದರೆ ದೇಶದ ಜನರಲ್ಲಿ ಶೇ 24.6 ಮಂದಿ ಎಂದಲ್ಲ. ಆ 10 ವರ್ಷದಲ್ಲಿ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ 13.4ರಿಂದ 14.2ಕ್ಕೆ ಏರಿತು, ಅಷ್ಟೆ.

ಫಾರ್ವರ್ಡ್ ಬಿಟ್ಟುಬಿಡುವ ಇನ್ನೊಂದು ಸಾಲೂ ಇದೆ. ಅದರ ಹಿಂದಿನ ದಶಕದಲ್ಲಿ, ಅಂದರೆ 1991ರಿಂದ 2001ರಲ್ಲಿ, ಈ ದರಗಳು ಶೇ 29.5 ಮತ್ತು ಶೇ 19.9 ಇದ್ದವು. ಎರಡೂ ಇಳಿದಿವೆ. ಮುಸ್ಲಿಮರ ದರ ಇನ್ನೂ ಹೆಚ್ಚು ಇಳಿದಿದೆ.

ಹೆರಿಗೆಯ ಲೆಕ್ಕ ಏನು ಹೇಳುತ್ತದೆ?

ಮುಂದೇನಾಗುತ್ತದೆ ಎಂದು ತಿಳಿಯಲು ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ ಬೇಕು. ಇದನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನು ಅಳೆಯುತ್ತದೆ. ಈ ದರ 2.1 ಇದ್ದರೆ ಕಾಲಾಂತರದಲ್ಲಿ ಜನಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲುತ್ತದೆ.

1992–93ರ ಮೊದಲ ಸಮೀಕ್ಷೆಯಲ್ಲಿ ಕರ್ನಾಟಕದ ದರ 2.85 ಇತ್ತು. 2019–21ರ ಐದನೇ ಸಮೀಕ್ಷೆಯಲ್ಲಿ ಅದು 1.7. ಅಂದರೆ ನಮ್ಮ ರಾಜ್ಯದಲ್ಲಿ ಇಬ್ಬರು ತಂದೆತಾಯಿಯ ಜಾಗಕ್ಕೆ ಇಬ್ಬರು ಮಕ್ಕಳೂ ಬರುತ್ತಿಲ್ಲ.

ದೇಶದ ಮಟ್ಟದಲ್ಲಿ ಧರ್ಮವಾರು ನೋಡಿದರೆ, ಅದೇ ಮೊದಲ ಸಮೀಕ್ಷೆಯಲ್ಲಿ ಹಿಂದೂ ಮಹಿಳೆಯರಿಗೆ ಸರಾಸರಿ 3.30, ಮುಸ್ಲಿಂ ಮಹಿಳೆಯರಿಗೆ 4.41 ಮಕ್ಕಳು. ಐದನೇ ಸಮೀಕ್ಷೆಯಲ್ಲಿ 1.94 ಮತ್ತು 2.36. ಇಬ್ಬರ ನಡುವಿನ ಅಂತರ 1.11ರಿಂದ 0.42ಕ್ಕೆ ಇಳಿದಿದೆ. ಅಂತರ ಇಲ್ಲವೇ ಇಲ್ಲ ಎನ್ನುವುದು ಸುಳ್ಳು. ಅದು ಹೆಚ್ಚುತ್ತಿದೆ ಎನ್ನುವುದು ಇನ್ನೂ ದೊಡ್ಡ ಸುಳ್ಳು.

ಮಕ್ಕಳ ಸಂಖ್ಯೆಯನ್ನು ಧರ್ಮಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಹುಡುಗಿಯರ ಓದು, ಆಸ್ಪತ್ರೆ, ಮದುವೆಯ ವಯಸ್ಸು ಮತ್ತು ಮನೆಯ ಆದಾಯ. ಬಿಹಾರದ ಹಿಂದೂ ಮಹಿಳೆಯರ ಸರಾಸರಿ ಕೇರಳದ ಮುಸ್ಲಿಂ ಮಹಿಳೆಯರ ಸರಾಸರಿಗಿಂತ ಹೆಚ್ಚಿದೆ. ಕಾರಣ ಧರ್ಮವೇ ಆಗಿದ್ದರೆ ಇದು ತಿರುಗುಮುರುಗಾಗಿ ಇರಬೇಕಿತ್ತು.

ಒಂದು ಊರಿನ ಮತ ಒಂದೇ ಪಕ್ಷಕ್ಕೆ ಅಂಟಿಕೊಂಡಿರುತ್ತದೆಯೇ?

ಎರಡನೇ ಹೇಳಿಕೆಗೆ ಬರೋಣ. ಇದಕ್ಕೆ ಬೆಂಗಳೂರು, ದೆಹಲಿ ಬೇಡ. ಕುಮಾರಪಟ್ಟಣ ಸೇರಿರುವ ರಾಣೆಬೆನ್ನೂರು ವಿಧಾನಸಭಾ ಕ್ಷೇತ್ರವನ್ನೇ ನೋಡಿ.

2008: ಜಿ. ಶಿವಣ್ಣ, ಬಿಜೆಪಿ.
2013: ಕೆ.ಬಿ. ಕೋಳಿವಾಡ, ಕಾಂಗ್ರೆಸ್.
2018: ಆರ್. ಶಂಕರ್, ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ.
2019ರ ಉಪಚುನಾವಣೆ: ಅರುಣಕುಮಾರ ಪೂಜಾರ, ಬಿಜೆಪಿ.
2023: ಪ್ರಕಾಶ ಕೋಳಿವಾಡ, ಕಾಂಗ್ರೆಸ್.

15 ವರ್ಷ, 5 ಚುನಾವಣೆ, 3 ಪಕ್ಷ. ಒಮ್ಮೆಯೂ ಹಿಂದಿನ ಬಾರಿ ಗೆದ್ದ ಪಕ್ಷ ಮರುಸಲ ಗೆದ್ದಿಲ್ಲ. 2018ರಲ್ಲಿ ಗೆದ್ದ ಪಕ್ಷಕ್ಕಂತೂ ಇಡೀ ರಾಜ್ಯದಲ್ಲಿ ಸಿಕ್ಕಿದ್ದು ಅದೊಂದೇ ಸೀಟು. 2018ರ ಮೇ ತಿಂಗಳಿಂದ 2019ರ ಡಿಸೆಂಬರ್‌ವರೆಗಿನ ಒಂದೂವರೆ ವರ್ಷದಲ್ಲಿ ರಾಣೆಬೆನ್ನೂರಿನ ಜನ ಯಾರೂ ಬದಲಾಗಿರಲಿಲ್ಲ. ಅದೇ ಓಣಿ, ಅದೇ ಮತಗಟ್ಟೆ, ಅದೇ ಬೆರಳು. ಮನಸ್ಸು ಬದಲಾಗಿತ್ತು, ಅಭ್ಯರ್ಥಿ ಬದಲಾಗಿದ್ದರು, ಸರ್ಕಾರ ಬದಲಾಗಿತ್ತು. ಮೆಣಸಿನಕಾಯಿಯ ಬ್ಯಾಡಗಿಯದ್ದೂ ಇದೇ ಕಥೆ: 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಮತ್ತೆ ಕಾಂಗ್ರೆಸ್.

ನಮ್ಮ ಹಾವೇರಿ ಜಿಲ್ಲೆಯದ್ದೇ ಶಿಗ್ಗಾವಿ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. 2023ರ ಮೇ ತಿಂಗಳಲ್ಲಿ ಅಲ್ಲಿ ಬಿಜೆಪಿಯ ಬಸವರಾಜ ಬೊಮ್ಮಾಯಿ ಅವರು ಕಾಂಗ್ರೆಸ್‌ನ ಯಾಸಿರ್ ಅಹಮದ್ ಖಾನ್ ಪಠಾಣ್ ಅವರನ್ನು ಸುಮಾರು 36 ಸಾವಿರ ಮತಗಳಿಂದ ಸೋಲಿಸಿದರು. ಬೊಮ್ಮಾಯಿ ಸಂಸದರಾಗಿ ಹೋದ ಮೇಲೆ 2024ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಅದೇ ಪಠಾಣ್, ಅದೇ ಕಾಂಗ್ರೆಸ್, ಎದುರಿಗೆ ಭರತ್ ಬೊಮ್ಮಾಯಿ. ಈ ಬಾರಿ ಪಠಾಣ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಉಪಚುನಾವಣೆಯ ಫಲಿತಾಂಶವನ್ನು ಯಾರಾದರೂ 'ಜನಸಂಖ್ಯೆಯ ಆಟ' ಎಂದರೆ ಒಂದೇ ಪ್ರಶ್ನೆ ಕೇಳಿ: ಅದೇ ಜನಸಂಖ್ಯೆ 18 ತಿಂಗಳ ಹಿಂದೆ ಅದೇ ಅಭ್ಯರ್ಥಿಯನ್ನು ಏಕೆ ಸೋಲಿಸಿತ್ತು?

ಇನ್ನೂ ಹಿಂದಕ್ಕೆ ಹೋದರೆ, ಈಗಿನ ಹಾವೇರಿ ಲೋಕಸಭಾ ಕ್ಷೇತ್ರ ಮೊದಲು ಧಾರವಾಡ ದಕ್ಷಿಣ ಎಂದಿತ್ತು. 1960ರ ದಶಕದಿಂದ ಹಲವು ಚುನಾವಣೆಗಳಲ್ಲಿ ಅಲ್ಲಿಂದ ಎಫ್.ಎಚ್. ಮೊಹಸಿನ್ ಅವರಂಥ ಮುಸ್ಲಿಂ ಅಭ್ಯರ್ಥಿಗಳು ಕಾಂಗ್ರೆಸ್‌ನಿಂದ ಗೆದ್ದರು. ಕ್ಷೇತ್ರದಲ್ಲಿ ಮುಸ್ಲಿಮರು ಆಗಲೂ ಅಲ್ಪಸಂಖ್ಯಾತರೇ. 2009ರಿಂದ ಅಲ್ಲಿ ಬಿಜೆಪಿ ಗೆಲ್ಲುತ್ತಾ ಬಂದಿದೆ. ಮುಸ್ಲಿಮರ ಪಾಲು ಸ್ವಲ್ಪ ಏರಿದ ಕಾಲದಲ್ಲೇ ಫಲಿತಾಂಶ ಈ ಕಡೆಗೆ ತಿರುಗಿದೆ. ತಲೆ ಎಣಿಸಿ ಫಲಿತಾಂಶ ಹೇಳಲಾಗದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಸೀಟು ಇಳಿದರೆ ಮತದಾರರು ಇಳಿದಂತೆಯೇ?

ಅಲ್ಲ. ಒಂದು ಚುನಾವಣೆಯ ಸೀಟುಗಳನ್ನು ನೋಡಿ 'ಪಕ್ಷ ಮುಗಿಯಿತು' ಎನ್ನುವವರು ಈ ಅಂಕಿ ನೋಡಬೇಕು. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. 2023ರಲ್ಲೂ ಶೇ 36ರಷ್ಟೇ ಮತ, ಆದರೆ 66 ಸೀಟು. ಮತ ಹೆಚ್ಚುಕಡಿಮೆ ಅಷ್ಟೇ ಇದ್ದರೂ 38 ಸೀಟು ಹೋದವು. ಕಾರಣ, ಜೆಡಿಎಸ್ ಸುಮಾರು 5 ಅಂಶ ಮತ ಕಳೆದುಕೊಂಡಿತು, ಕಾಂಗ್ರೆಸ್ ಹತ್ತಿರಹತ್ತಿರ ಅಷ್ಟನ್ನೇ ಗಳಿಸಿತು.

ಇದಕ್ಕೆ ವಿರುದ್ಧವಾದದ್ದೂ ಆಗಿದೆ. 2008ರಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಹೆಚ್ಚು ಮತ ಬಂದಿತ್ತು. ಸೀಟು ಮಾತ್ರ ಬಿಜೆಪಿಗೆ 110, ಕಾಂಗ್ರೆಸ್‌ಗೆ 80. ನಮ್ಮಲ್ಲಿ ಒಂದು ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಒಂದು ಮತ ಹೆಚ್ಚೋ ಅವರೇ ಗೆದ್ದಂತೆ. ಆದ್ದರಿಂದ ಮತ ಎಲ್ಲಿ ಹಂಚಿದೆ, ಎದುರಾಳಿಗಳ ಮತ ಒಡೆದಿದೆಯೇ ಎಂಬುದು ಎಷ್ಟು ಮತ ಬಂತು ಎನ್ನುವಷ್ಟೇ ಮುಖ್ಯ.

ವಿಧಾನಸಭೆ ಮತ್ತು ಲೋಕಸಭೆಯ ನಡುವೆಯೂ ಹೀಗೆಯೇ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 224ರಲ್ಲಿ 135 ಗೆದ್ದಿತು. ಒಂದು ವರ್ಷದ ಬಳಿಕ ಲೋಕಸಭೆಯಲ್ಲಿ 28ರಲ್ಲಿ 19 ಸೀಟು ಬಿಜೆಪಿ–ಜೆಡಿಎಸ್ ಮೈತ್ರಿಗೆ ಹೋದವು. ಒಂದು ವರ್ಷದಲ್ಲಿ ಯಾವ ರಾಜ್ಯದ ಜನಸಂಖ್ಯೆಯೂ ಮಗುಚಿ ಬೀಳುವುದಿಲ್ಲ.

ಹೊಸ ತಲೆಮಾರು ಬಂದರೆ ಹಳೆ ಪಕ್ಷ ಸಾಯುತ್ತದೆಯೇ?

ಈ ಪ್ರಶ್ನೆಗೆ ಉತ್ತರ 1989ರಲ್ಲೇ ಸಿಕ್ಕಿದೆ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಒಂದೇ ಏಟಿಗೆ ಕೋಟ್ಯಂತರ ಹೊಸ ಮತದಾರರು ಪಟ್ಟಿ ಸೇರಿದರು. ಅದೇ ವರ್ಷ ನಡೆದ ಚುನಾವಣೆಯಲ್ಲಿ ದೇಶದಲ್ಲಿ ಕಾಂಗ್ರೆಸ್ 197 ಸೀಟಿಗೆ ಕುಸಿದು ಅಧಿಕಾರ ಕಳೆದುಕೊಂಡಿತು. ಕರ್ನಾಟಕದಲ್ಲಿ ಅದೇ ಕಾಂಗ್ರೆಸ್ 28ರಲ್ಲಿ 27 ಲೋಕಸಭಾ ಸೀಟು, ವಿಧಾನಸಭೆಯಲ್ಲಿ 178 ಸೀಟು ಗೆದ್ದಿತು. ವಯಸ್ಸು ಒಂದೇ, ಚುನಾವಣೆ ಒಂದೇ, ಫಲಿತಾಂಶ ಮಾತ್ರ ತದ್ವಿರುದ್ಧ. 'ಯುವಕರು' ಎನ್ನುವುದು ಒಂದು ಪಕ್ಷವಲ್ಲ.

ಮುಂದಿನ ಭಾಗ ಇನ್ನೂ ಮುಖ್ಯ. 178 ಸೀಟಿನ ಆ ಕಾಂಗ್ರೆಸ್ 1994ರಲ್ಲಿ 34ಕ್ಕೆ ಇಳಿಯಿತು. ಐದೇ ವರ್ಷ. ನಡುವೆ ಆದದ್ದೇನು? 1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಪಕ್ಷದ ಹೈಕಮಾಂಡ್ ಕೆಳಗಿಳಿಸಿತು. ಉತ್ತರ ಕರ್ನಾಟಕದ ಲಿಂಗಾಯತ ಮತದಾರರು ಕಾಂಗ್ರೆಸ್‌ನಿಂದ ದೂರವಾಗಲು ವಿಶ್ಲೇಷಕರು ಇಂದಿಗೂ ಇದನ್ನು ದೊಡ್ಡ ಕಾರಣವಾಗಿ ಹೇಳುತ್ತಾರೆ. ಪಾಟೀಲರ ನಂತರ ಬಂದ ಬಂಗಾರಪ್ಪನವರು ಹೊರಹೋಗಿ ತಮ್ಮದೇ ಪಕ್ಷ ಕಟ್ಟಿದರು. ಜನ ಅದೇ ಜನ. ಬದಲಾದದ್ದು ಪಕ್ಷ ಅವರೊಂದಿಗೆ ನಡೆದುಕೊಂಡ ರೀತಿ.

ಒಂದೇ ರಾತ್ರಿಯಲ್ಲಿ ಜನಸಂಖ್ಯೆ ಬದಲಾದ ದಿನ

ನಿಜವಾಗಿಯೂ ದಿಢೀರ್ ಜನಸಂಖ್ಯೆ ಬದಲಾವಣೆ ಆದರೆ ಏನಾಗುತ್ತದೆ? ಕರ್ನಾಟಕ ಅದನ್ನೂ ಕಂಡಿದೆ, 1956ರ ನವೆಂಬರ್ 1ರಂದು.

ಕುಮಾರಪಟ್ಟಣದ ದಂಡೆಯಲ್ಲಿ ನಿಂತರೆ ತುಂಗಭದ್ರೆಯ ಆಚೆ ಹರಿಹರ ಕಾಣುತ್ತದೆ. ಇಂದು ಸೇತುವೆ ದಾಟಿದರೆ ಹಾವೇರಿ ಜಿಲ್ಲೆ ಮುಗಿದು ದಾವಣಗೆರೆ ಜಿಲ್ಲೆ, ಅಷ್ಟೆ. 1956ರ ಮುಂಚೆ ಹರಿಹರ ಮೈಸೂರು ರಾಜ್ಯ, ಈ ದಂಡೆ ಮುಂಬೈ ರಾಜ್ಯ. ಏಕೀಕರಣವಾದಾಗ ಹಳೆ ಮೈಸೂರಿಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ, ರಾಯಚೂರು, ದಕ್ಷಿಣ ಕನ್ನಡದಂಥ ಪ್ರದೇಶಗಳು ಸೇರಿದವು. ಹಳೆ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರ ಕೈ ಮೇಲಿತ್ತು. ಹೊಸ ರಾಜ್ಯದಲ್ಲಿ ಲಿಂಗಾಯತರ ಬಲ ಹೆಚ್ಚಾಗುತ್ತಿತ್ತು. 'ನಮ್ಮ ಪ್ರಾಬಲ್ಯ ಹೋಗುತ್ತದೆ' ಎಂಬ ಭಯದಿಂದಲೇ ಹಳೆ ಮೈಸೂರಿನ ಹಲವು ನಾಯಕರು ಏಕೀಕರಣವನ್ನು ವಿರೋಧಿಸಿದರು. ಸ್ವತಃ ಒಕ್ಕಲಿಗರಾಗಿದ್ದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು.

ಪರಿಣಾಮ? ಆಳುವ ಪಕ್ಷ ಸಾಯಲಿಲ್ಲ, ಹೊಂದಿಕೊಂಡಿತು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ನಂತರ ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ. ಎಲ್ಲರೂ ಲಿಂಗಾಯತರು, ಎಲ್ಲರೂ ಕಾಂಗ್ರೆಸ್.

1972ರಲ್ಲಿ ದೇವರಾಜ ಅರಸು ಬಂದಾಗ ಇನ್ನೊಂದು ತಿರುವು. ಲಿಂಗಾಯತ, ಒಕ್ಕಲಿಗ ಎರಡೂ ಅಲ್ಲದ ಹಿಂದುಳಿದ ಜಾತಿಗಳು, ದಲಿತರು, ಅಲ್ಪಸಂಖ್ಯಾತರನ್ನು ಅವರು ಒಟ್ಟುಗೂಡಿಸಿದರು. ಈ ಸಮುದಾಯಗಳು ಮೊದಲಿನಿಂದಲೂ ಅಲ್ಲೇ ಇದ್ದವು, ದಿಢೀರನೆ ಹುಟ್ಟಲಿಲ್ಲ. ಅವರನ್ನು ಅಧಿಕಾರದ ಲೆಕ್ಕಕ್ಕೆ ತಂದದ್ದು ಹೊಸದು. ಆ ಕೆಲಸಕ್ಕೆ ಅಡಿಪಾಯ ಹಾಕಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ರಾಣೆಬೆನ್ನೂರಿನವರೇ ಆದ ಎಲ್.ಜಿ. ಹಾವನೂರ. ಅವರ ವರದಿ ಬಂದದ್ದು 1975ರಲ್ಲಿ.

ಹಾಗಾದರೆ ಪಕ್ಷಗಳು ನಿಜವಾಗಿ ಹೇಗೆ ಸಾಯುತ್ತವೆ?

ಕರ್ನಾಟಕದಲ್ಲಿ ಕಣ್ಮರೆಯಾದ ಪಕ್ಷಗಳ ಪಟ್ಟಿ ಸಣ್ಣದಲ್ಲ. 1985ರಲ್ಲಿ 139 ಸೀಟು ಗೆದ್ದ ಜನತಾ ಪಕ್ಷ ಜನತಾ ದಳವಾಯಿತು. 1994ರಲ್ಲಿ 115 ಸೀಟು ಗೆದ್ದ ಆ ಜನತಾ ದಳ 1999ರ ಹೊತ್ತಿಗೆ ಜೆಡಿಯು, ಜೆಡಿಎಸ್ ಎಂದು ಒಡೆದು, ಇಬ್ಬರಿಗೂ ಸೇರಿ 28 ಸೀಟು ಬಂತು. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ, ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಎಲ್ಲವೂ ನಾಯಕನೊಂದಿಗೆ ಹುಟ್ಟಿ, ನಾಯಕ ಬೇರೆಡೆ ಹೋದಾಗ ಮುಗಿದವು.

ಇವುಗಳಲ್ಲಿ ಒಂದರ ತೊಟ್ಟಿಲು ನಮ್ಮ ಹಾವೇರಿಯೇ. 2012ರ ಡಿಸೆಂಬರ್ 9ರಂದು ಬಿ.ಎಸ್. ಯಡಿಯೂರಪ್ಪ ಕರ್ನಾಟಕ ಜನತಾ ಪಕ್ಷದ ಉದ್ಘಾಟನಾ ಸಮಾವೇಶ ನಡೆಸಿದ್ದು ಹಾವೇರಿಯಲ್ಲಿ. ಆರು ತಿಂಗಳೊಳಗೆ ಚುನಾವಣೆ ಬಂತು. ಕೆಜೆಪಿಗೆ ಶೇ 10ರ ಹತ್ತಿರ ಮತ, 6 ಸೀಟು. ಆದರೆ 2008ರಲ್ಲಿ 110 ಸೀಟು ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. 2014ರ ಆರಂಭದಲ್ಲಿ ಕೆಜೆಪಿ ಬಿಜೆಪಿಯಲ್ಲಿ ಲೀನವಾಯಿತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಗೆ 17 ಸೀಟು. ಇಳಿದದ್ದೂ ಒಡಕಿನಿಂದ, ಏರಲು ನೆರವಾದದ್ದೂ ಕೂಡಿಕೆಯಿಂದ.

ಒಂದು ಎಚ್ಚರಿಕೆ ಮಾತ್ರ ನಿಜ. ಒಂದೇ ಗುಂಪು, ಒಂದೇ ಬೇಡಿಕೆಯ ಮೇಲೆ ನಿಂತ ಪಕ್ಷಕ್ಕೆ ಅಪಾಯ ಹೆಚ್ಚು. ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿ ಒಂದು ಕಾಲಕ್ಕೆ ಹಲವು ಸೀಟು ಗೆಲ್ಲುತ್ತಿತ್ತು. 2013ರಲ್ಲಿ 2 ಗೆದ್ದಿತು. 2018 ಮತ್ತು 2023ರಲ್ಲಿ ಸೊನ್ನೆ. ಬೆಳಗಾವಿಯ ಮರಾಠಿ ಭಾಷಿಕರು ಊರು ಬಿಟ್ಟು ಹೋಗಿಲ್ಲ, ಅವರ ಮತ ದೊಡ್ಡ ಪಕ್ಷಗಳ ಕಡೆ ಹೊರಳಿದೆ. ಇಲ್ಲಿಯೂ ಜನ ಕರಗಲಿಲ್ಲ, ಬೇಡಿಕೆಯ ಬಿಸಿ ಕರಗಿತು.

ಅಮೆರಿಕದಲ್ಲೂ ಇದೇ ಭವಿಷ್ಯ ಹೇಳಿದ್ದರು

ಇದು ನಮ್ಮಲ್ಲಷ್ಟೇ ಇರುವ ಭಯವಲ್ಲ. ಅಮೆರಿಕದಲ್ಲಿ ಬಿಳಿಯರ ಪಾಲು ಇಳಿಯುತ್ತಿದೆ, ಲ್ಯಾಟಿನೊ ಮತ್ತು ಏಷ್ಯಾ ಮೂಲದವರ ಪಾಲು ಏರುತ್ತಿದೆ. ಇದರಿಂದ ಡೆಮಾಕ್ರಟಿಕ್ ಪಕ್ಷಕ್ಕೆ ದೀರ್ಘಕಾಲದ ಬಹುಮತ ಸಿಗುತ್ತದೆ ಎಂದು 2002ರಲ್ಲೇ ಇಬ್ಬರು ಲೇಖಕರು ಪುಸ್ತಕ ಬರೆದರು. 2012ರ ಸೋಲಿನ ನಂತರ ರಿಪಬ್ಲಿಕನ್ ಪಕ್ಷ ತಾನೇ ವರದಿ ಮಾಡಿಸಿ, ಲ್ಯಾಟಿನೊ ಮತದಾರರನ್ನು ಒಲಿಸಿಕೊಳ್ಳದಿದ್ದರೆ ಉಳಿಗಾಲ ಕಷ್ಟ ಎಂದು ಒಪ್ಪಿಕೊಂಡಿತು.

ಆದದ್ದೇನು? ರಿಪಬ್ಲಿಕನ್ ಪಕ್ಷ 2016ರಲ್ಲಿ ಗೆದ್ದಿತು, 2024ರಲ್ಲಿ ಮತ್ತೆ ಗೆದ್ದಿತು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ 2012ರಲ್ಲಿ ಲ್ಯಾಟಿನೊ ಮತದಾರರಲ್ಲಿ ಆ ಪಕ್ಷಕ್ಕೆ ಮತ ಹಾಕಿದವರು ಶೇ 27. 2024ರಲ್ಲಿ ಅದು ಶೇ 45ರ ಆಸುಪಾಸಿಗೆ ಏರಿತು. ಜನಸಂಖ್ಯೆಯ ಅಂದಾಜು ಸರಿಯಿತ್ತು. ಆ ಜನ ಎಂದೆಂದಿಗೂ ಒಂದೇ ಕಡೆ ಇರುತ್ತಾರೆ ಎಂಬ ಊಹೆ ತಪ್ಪಿತ್ತು. ನಮ್ಮ ಫಾರ್ವರ್ಡ್‌ಗಳು ಎಡವುವುದೂ ಅಲ್ಲೇ.

ಹಾಗಾದರೆ ಜನಸಂಖ್ಯೆಗೆ ಬೆಲೆಯೇ ಇಲ್ಲವೇ?

ಇದೆ. ಆದರೆ ಫಾರ್ವರ್ಡ್ ಹೇಳುವ ಜಾಗದಲ್ಲಿ ಅಲ್ಲ.

ಮೊದಲನೆಯದು, ಕ್ಷೇತ್ರ ಪುನರ್‌ವಿಂಗಡಣೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಎಂಬುದು 1971ರ ಜನಗಣತಿಯ ಲೆಕ್ಕಕ್ಕೆ ನಿಂತುಹೋಗಿತ್ತು. 1976ರ 42ನೇ ತಿದ್ದುಪಡಿ ಅದನ್ನು ಹಾಗೆ ನಿಲ್ಲಿಸಿತು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಮಕ್ಕಳ ಸಂಖ್ಯೆ ಬೇಗ ಇಳಿಸಿದ ಕರ್ನಾಟಕ, ತಮಿಳುನಾಡು, ಕೇರಳದಂಥ ರಾಜ್ಯಗಳ ಪಾಲು ಕುಗ್ಗುತ್ತದೆಯೇ ಎಂಬ ಚರ್ಚೆ ನಡೆಯುತ್ತಿರುವುದು ಇದರಿಂದಲೇ. ಇದು ಒಂದು ಪಕ್ಷದ ಅಳಿವು ಉಳಿವಿನ ಪ್ರಶ್ನೆಯಲ್ಲ, ರಾಜ್ಯದ ದನಿಯ ಪ್ರಶ್ನೆ.

ಎರಡನೆಯದು, ನಗರಗಳ ಬೆಳವಣಿಗೆ. 2001ರಲ್ಲಿ ರಾಜ್ಯದ ಶೇ 34ರಷ್ಟು ಜನ ಪಟ್ಟಣ, ನಗರಗಳಲ್ಲಿದ್ದರು. 2011ರಲ್ಲಿ ಅದು ಶೇ 38.67. ವಿಧಾನಸಭೆಯ ಗಡಿಗಳು 2008ರಲ್ಲಿ ಹೊಸದಾಗಿ ಬಂದಾಗ ಬೆಂಗಳೂರಿನ ಸೀಟುಗಳು ಹೆಚ್ಚಿದವು, ಹಳ್ಳಿಗಾಡಿನ ಕೆಲವು ಕ್ಷೇತ್ರಗಳು ಇಲ್ಲವಾದವು. ಕುಮಾರಪಟ್ಟಣದಂಥ ಕಾರ್ಖಾನೆ ಊರುಗಳಿಗೆ ಕೆಲಸ ಹುಡುಕಿ ಬರುವವರು, ಇಲ್ಲಿಂದ ಬೆಂಗಳೂರಿಗೆ ಹೋಗುವವರು, ಇಬ್ಬರೂ ಪಕ್ಷಗಳ ಲೆಕ್ಕ ಬದಲಿಸುತ್ತಾರೆ.

ಮೂರನೆಯದು, ವಯಸ್ಸು. 2011ರಲ್ಲಿ ಕರ್ನಾಟಕದಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ಈ ಪಾಲು ಏರುತ್ತಲೇ ಇರುತ್ತದೆ. ಪಿಂಚಣಿ, ಔಷಧ, ಒಂಟಿಯಾಗಿರುವ ಅಜ್ಜ ಅಜ್ಜಿಯರ ಆರೈಕೆ ಮುಂದೆ ದೊಡ್ಡ ಚುನಾವಣಾ ವಿಷಯಗಳಾಗಬಹುದು. ಅದಕ್ಕೆ ಉತ್ತರ ಕೊಡುವ ಪಕ್ಷ ಯಾವುದೇ ಆಗಿರಬಹುದು.

ಪಕ್ಷಗಳು ಟಿಕೆಟ್ ಕೊಡುವಾಗ ಜಾತಿ ಎಣಿಸುತ್ತವೆ ಎನ್ನುವುದೂ ನಿಜ. ಆದರೆ ಅವು ಎಣಿಸುವುದು ಯಾರನ್ನು ಜತೆಗೆ ಸೇರಿಸಿಕೊಳ್ಳಬೇಕು ಎಂದು ತಿಳಿಯಲು. ಎಣಿಕೆಯೇ ಹಣೆಬರಹ ಆಗಿದ್ದರೆ ಅವು ಪ್ರಚಾರವನ್ನೇ ಮಾಡುತ್ತಿರಲಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

ಅಂಕಿ ಯಾವ ವರ್ಷದ್ದು, ಯಾವ ಗಣತಿ ಅಥವಾ ಸಮೀಕ್ಷೆಯದ್ದು ಎಂದು ಬರೆದಿದೆಯೇ? ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ತೋರಿಸಿರುವುದು ಬೆಳವಣಿಗೆ ದರವೋ, ಒಟ್ಟು ಪಾಲೋ? ಎರಡೂ ಬೇರೆ ಬೇರೆ.

ಜಾತಿವಾರು ನಿಖರ ಶೇಕಡಾವಾರು ಕೊಟ್ಟಿದ್ದಾರೆಯೇ? ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಕೊನೆಯದಾಗಿ ಪ್ರಕಟವಾದದ್ದು 1931ರದ್ದು. 2027ರ ಗಣತಿಯಲ್ಲಿ ಜಾತಿ ಎಣಿಕೆ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು.

ನಿಮ್ಮ ಕ್ಷೇತ್ರದ ಹಿಂದಿನ ನಾಲ್ಕೈದು ಫಲಿತಾಂಶಗಳು ಈ ಹೇಳಿಕೆಗೆ ಹೊಂದುತ್ತವೆಯೇ? ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ನೀವೇ ನೋಡಬಹುದು.

ಕೊನೆಯದಾಗಿ, ಇದನ್ನು ಓದಿದವರಿಗೆ ಒಂದು ಪಕ್ಷದ ಬಗ್ಗೆ ಮಾಹಿತಿ ಸಿಗುತ್ತದೆಯೋ, ಪಕ್ಕದ ಮನೆಯವರ ಬಗ್ಗೆ ಭಯ ಹುಟ್ಟುತ್ತದೆಯೋ? ಎರಡನೆಯದಾದರೆ ಅದನ್ನು ಮಾಡಿದವರ ಉದ್ದೇಶ ಮಾಹಿತಿ ಕೊಡುವುದಲ್ಲ.

ಗುಂಪಿಗೆ ಹಾಕಲು ಚಿಕ್ಕ ಉತ್ತರ

ನಿಮ್ಮ ಗುಂಪಿಗೂ ಆ ಕೆಂಪು ಗೆರೆ ಬಂದರೆ ಇದನ್ನು ನಕಲು ಮಾಡಿ ಹಾಕಿ:

'ಕರ್ನಾಟಕದಲ್ಲಿ 2001ರಿಂದ 2011ಕ್ಕೆ ಹಿಂದೂಗಳ ಪಾಲು ಶೇ 83.86ರಿಂದ 84.00, ಮುಸ್ಲಿಮರ ಪಾಲು ಶೇ 12.23ರಿಂದ 12.92. ರಾಜ್ಯದಲ್ಲಿ ಮಕ್ಕಳ ಸರಾಸರಿ 1.7ಕ್ಕೆ ಇಳಿದಿದೆ. ರಾಣೆಬೆನ್ನೂರು 15 ವರ್ಷಗಳಲ್ಲಿ 3 ಪಕ್ಷಗಳನ್ನು ಗೆಲ್ಲಿಸಿದೆ. ಪಕ್ಷಗಳನ್ನು ಏಳಿಸುವುದೂ ಬೀಳಿಸುವುದೂ ಮತದಾರರು. ಇಲ್ಲಿ ಹೆದರಿಸಬೇಕಾದವರು ಯಾರೂ ಇಲ್ಲ.'

ನಮ್ಮ ಓಣಿಯ ಗುಂಪಿಗೂ ಇದನ್ನೇ ಹಾಕಿದೆ. ಫಾರ್ವರ್ಡ್ ಕಳಿಸಿದವರು ಅದನ್ನು ಅಳಿಸಿದರು. ಗುಂಪು ಬಿಟ್ಟ ಹಿರಿಯರು ಇನ್ನೂ ವಾಪಸ್ ಬಂದಿಲ್ಲ. ನೀರಿನ ಸಮಯ ಕೇಳಲು ಈಗ ನಾವೇ ಅವರ ಮನೆ ಬಾಗಿಲಿಗೆ ಹೋಗುತ್ತೇವೆ.